ಗೇರ್ ಬಾಕ್ಸಿನ ಬರಕತ್ತು

ಆಟೋಮ್ಯಾಟಿಕ್ ಕಾರಿನ ಗೇರ್ ಎಣ್ಣೆಯನ್ನು ಮನೆಯಲ್ಲೇ ಬದಲಿಸಬಹುದೇ ಎಂದು ಯಾರಾದರೂ ಕೇಳಿದರೆ, ನಾನು ಮೊದಲು ಕೇಳುವುದು ಗಾಡಿ ಯಾವುದು ಎಂದಲ್ಲ, ನಿಮ್ಮ ಅಂಗಳ ಹೇಗಿದೆ ಎಂದು. ಸಮತಟ್ಟಾಗಿದ್ದರೆ ಧಾರಾಳವಾಗಿ ಬದಲಿಸಿ. ಇಳಿಜಾರಾಗಿದ್ದರೆ ಗಾಡಿಯನ್ನು ಬೇರೆ ಕಡೆ ಒಯ್ಯಿರಿ, ಇಲ್ಲವೇ ಸುಮ್ಮನೆ ಚಹಾ ಕುಡಿದು ಕೂತಿರಿ. ಈ ಒಂದು ಮಾತು ನನ್ನ ತಲೆಗೆ ಹೋಗಲು ಮೂವತ್ತಮೂರು ವರ್ಷ ಹಿಡಿಯಿತು. ನಿಮಗೆ ಮೊದಲ ಸಾಲಿನಲ್ಲೇ ಸಿಕ್ಕಿಬಿಟ್ಟಿದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲವಾದ್ದರಿಂದ ಅದು ನನಗೆ ಹೇಗೆ ಸಿಕ್ಕಿತು ಎಂಬುದನ್ನೂ ಬರೆಯುತ್ತಿದ್ದೇನೆ.

ನನ್ನ ಹೆಸರು ಶರಣಪ್ಪ. ಕಲಬುರಗಿಯ ನಂದೂರ ಕೈಗಾರಿಕಾ ಪ್ರದೇಶದಲ್ಲಿ ದಾಲ್ ಮಿಲ್ಲುಗಳ ನಡುವೆ ನಮ್ಮದೊಂದು ಗ್ಯಾರೇಜಿತ್ತು. ಹತ್ತೊಂಬತ್ತನೆಯ ವಯಸ್ಸಿಗೆ ಅಲ್ಲಿ ಪಾನಾ, ಅಂದರೆ ಸ್ಪ್ಯಾನರು, ಹಿಡಿದವನು ಹೋದ ವರ್ಷ ಕೆಳಗಿಟ್ಟೆ. ಎಲ್ಲರೂ ನನ್ನನ್ನು ಶರಣಪ್ಪ ಮಿಸ್ತ್ರಿ ಎನ್ನುತ್ತಾರೆ. ಈಗ ಐಟಿಐ ಮುಗಿಸಿ ಬರುವ ಹುಡುಗರು, ಹುಡುಗಿಯರು ತಮ್ಮನ್ನು ಟೆಕ್ನಿಷಿಯನ್ ಎಂದು ಕರೆದುಕೊಳ್ಳುತ್ತಾರೆ. ಕರೆದುಕೊಳ್ಳಲಿ. ಗಾಡಿಯ ಕೆಳಗೆ ಅಂಗಾತ ಮಲಗಿದಾಗ ಎಣ್ಣೆ ಇಬ್ಬರ ಕಣ್ಣಿಗೂ ಒಂದೇ ರೀತಿ ಬೀಳುತ್ತದೆ.

ಗ್ಯಾರೇಜು ಮೆಹಬೂಬ್ ಉಸ್ತಾದರದು. ಮೋಮಿನಪುರದಿಂದ ದಿನಾ ಬೆಳಿಗ್ಗೆ ಸೈಕಲ್ ಮೇಲೆ ಬರುತ್ತಿದ್ದರು. ಬಿಳಿ ಪೈಜಾಮ ಹಾಕಿಕೊಂಡೇ ಎಂಜಿನ್ ಬಿಚ್ಚುತ್ತಿದ್ದರು, ಸಂಜೆಗೆ ಅದು ಬಿಳಿಯಾಗಿಯೇ ಉಳಿಯುತ್ತಿತ್ತು. ಹೇಗೆ ಎಂಬುದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಲಾರಿಯ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಯಾವ ಸಿಲಿಂಡರು ಸುಸ್ತಾಗಿದೆ ಎಂದು ಹೇಳುತ್ತಿದ್ದ ಮನುಷ್ಯ. ಬೈಯುವುದರಲ್ಲೂ ಅಷ್ಟೇ ನಿಪುಣರು.

ಅವರದೊಂದು ಪದ್ಧತಿ ಇತ್ತು. ಯಾವ ಗಾಡಿಗೆ ಯಾವ ಎಣ್ಣೆ ಹಾಕಿದರೂ, ಅಳತೆ ಮುಗಿದ ಮೇಲೆ ಡಬ್ಬಿಯನ್ನು ಇನ್ನೊಮ್ಮೆ ಬಗ್ಗಿಸಿ ಒಂದಿಷ್ಟು ಸುರಿಯುತ್ತಿದ್ದರು. "ಏ ಬರಕತ್ ಕಾ" ಎನ್ನುತ್ತಿದ್ದರು, ಇದು ಸಮೃದ್ಧಿಗೆ ಎಂದು. ಅಂಗಡಿಯವನು ತೂಗಿದ ಮೇಲೆ ಒಂದು ಹಿಡಿ ಹೆಚ್ಚು ಹಾಕಿದರೆ, ಮನೆಯಾಕೆ ಸಾಕು ಎಂದ ಮೇಲೆ ಇನ್ನೊಂದು ರೊಟ್ಟಿ ನೀಡಿದರೆ ಹೇಗೋ, ಹಾಗೆ. ಗಿರಾಕಿಗಳಿಗೆ ಅದನ್ನು ನೋಡುವುದೇ ಒಂದು ಖುಷಿ. ಉಸ್ತಾದರ ಕೈಯಿಂದ ಬರಕತ್ತು ಬೀಳದಿದ್ದರೆ ಲಾರಿ ಹೊರಡಿಸದ ಡ್ರೈವರುಗಳಿದ್ದರು. ಆ ಕಾಲದ ಲಾರಿ, ಟ್ರ್ಯಾಕ್ಟರುಗಳಿಗೆ ಅದು ಸರಿಯೂ ಆಗಿತ್ತು. ಅವುಗಳ ಸೀಲುಗಳು ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿದ್ದವು, ಒಂದು ಲೋಟ ಹೆಚ್ಚಿದ್ದರೆ ಯಾವುದಕ್ಕೂ ಅಜೀರ್ಣವಾಗುತ್ತಿರಲಿಲ್ಲ.

ಆಟೋಮ್ಯಾಟಿಕ್ ಗಾಡಿಯ ಜೊತೆ ನನ್ನ ಮೊದಲ ಭೇಟಿಯೇ ಎಡವಟ್ಟಿನದು. ನಾನು ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು, ಎಲ್ಲಾ ಬರುತ್ತದೆ ಎಂಬ ಗುಂಗಿನಲ್ಲಿದ್ದೆ. ಒಬ್ಬ ಡಾಕ್ಟರು ಹೈದರಾಬಾದಿನಿಂದ ತಂದ ಗಾಡಿಯನ್ನು ಬಿಟ್ಟು, ಎಂಜಿನ್ ಎಣ್ಣೆ ಬದಲಿಸಿ ಎಂದು ಹೇಳಿ ಹೋದರು. ಕೆಳಗೆ ತೂರಿ ಮೊದಲು ಕಂಡ ಬೋಲ್ಟು ಬಿಚ್ಚಿದೆ. ಕಪ್ಪೆಣ್ಣೆ ಬರಬೇಕಾದಲ್ಲಿ ಕೆಂಪು ಧಾರೆ ಬಂತು. ನಾನು ಗಾಬರಿಯಾಗಿ ಬೋಲ್ಟನ್ನು ಮತ್ತೆ ಕೂರಿಸುವಷ್ಟರಲ್ಲಿ ಅರ್ಧಕ್ಕರ್ಧ ತಟ್ಟೆಗೆ ಬಿದ್ದಿತ್ತು. ಉಸ್ತಾದರು ಬಗ್ಗಿ ನೋಡಿದರು.

"ಕ್ಯಾ ರೇ ಶರಣು, ಖೂನ್ ತೆಗದಿ ಏನ?"

ಅದು ಗೇರ್ ಬಾಕ್ಸಿನ ಎಣ್ಣೆ, ಕ್ಲಚ್ ಇಲ್ಲದ ಗಾಡಿಯಲ್ಲಿ ಗೇರು ಬದಲಿಸುವ ಕೆಲಸವನ್ನೆಲ್ಲ ಈ ಎಣ್ಣೆಯ ಒತ್ತಡವೇ ಮಾಡುತ್ತದೆ ಎಂದು ಅವತ್ತು ತಿಳಿಯಿತು. ಇಡೀ ಊರಿನಲ್ಲಿ ಅಂಥದೊಂದು ಡಬ್ಬಿ ಸಿಗಲಿಲ್ಲ. ಹೈದರಾಬಾದ್ ಬಸ್ಸಿನಲ್ಲಿ ತರಿಸಲು ಎರಡು ದಿನ ಬೇಕಾಯಿತು. ಡಾಕ್ಟರು ಬಂದಾಗ ನಾನು ಟೈರುಗಳ ಹಿಂದೆ ನಿಂತಿದ್ದೆ. ಉಸ್ತಾದರು ಹೇಳಿದ್ದು ಒಂದೇ ಮಾತು: "ಸಾಬ್, ನಮ್ಮ ಕೈಲಿಂದ ತಪ್ಪು ಆಗ್ಯಾದ. ಎರಡ ದಿನ ಆಟೋದಾಗ ಅಡ್ಡಾಡ್ರಿ." ನನ್ನ ಹೆಸರು ಎತ್ತಲಿಲ್ಲ. ಡಾಕ್ಟರು ಹೋದ ಮೇಲೆ ನನ್ನ ಹೆಸರನ್ನು, ನಮ್ಮಪ್ಪನ ಹೆಸರನ್ನು, ನನ್ನ ಊರಿನ ಹೆಸರನ್ನು ಸಾವಕಾಶವಾಗಿ ಎತ್ತಿದರು.

ಆಮೇಲೆ ಬಿಡಲಿಲ್ಲ ನಾನು. ಹಟ ಹಿಡಿದು ಹೈದರಾಬಾದಿಗೆ ಹೋಗಿ ಒಂದು ವರ್ಕ್‌ಶಾಪಿನಲ್ಲಿ ಆಟೋಮ್ಯಾಟಿಕ್ ಬಾಕ್ಸು ಬಿಚ್ಚಿ ಕೂಡಿಸುವುದನ್ನು ಕಲಿತು ಬಂದೆ. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ಕೆಂಪಿದ್ದರೆ ಚೆನ್ನಾಗಿದೆ, ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸು, ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ, ಬಾಕ್ಸೇ ಬಿಚ್ಚಬೇಕು. ಕೆಳಗಿನ ಬೋಲ್ಟು ಬಿಚ್ಚಿದಾಗ ಎಣ್ಣೆಯೆಲ್ಲ ಬರುವುದಿಲ್ಲ, ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದಿರುತ್ತದೆ. ಆದ್ದರಿಂದ ಪುಸ್ತಕದಲ್ಲಿ ಬರೆದ ಪೂರ್ತಿ ಅಳತೆ ನೋಡಿ ಸುರಿಯಬೇಡಿ, ಹೊರಗೆ ಬಂದಷ್ಟನ್ನೇ ಒಳಗೆ ಹಾಕಿ. ಬೋಲ್ಟಿನ ವಾಷರ್ ಪ್ರತಿಸಲ ಹೊಸದು. ಆಮೇಲೆ ಗಾಡಿ ಓಡಿಸಿ ಬಿಸಿ ಮಾಡಿ, ಎಂಜಿನ್ ಚಾಲೂ ಇಟ್ಟು, ಬ್ರೇಕ್ ಒತ್ತಿ ಹಿಡಿದು ಗೇರನ್ನು ಒಂದೊಂದೇ ಮನೆಗೆ ತಂದು, ವಾಪಸ್ ಪಾರ್ಕಿಗೆ ಹಾಕಿ, ಅಳತೆ ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಬೇಕು. ಇಷ್ಟೂ ನನಗೆ ಬಾಯಿಪಾಠ. ಬೀದರದಿಂದಲೂ ಗಾಡಿಗಳು ನನ್ನ ಹೆಸರು ಹೇಳಿಕೊಂಡು ಬರುತ್ತಿದ್ದವು. ಇದನ್ನು ಜಂಭಕ್ಕೆ ಹೇಳುತ್ತಿಲ್ಲ, ಅಥವಾ ಸ್ವಲ್ಪ ಜಂಭಕ್ಕೂ ಇರಬಹುದು. ಇಷ್ಟು ಬಲ್ಲವನೇ ಎಡವಿದ್ದು ಎಂಬುದು ನಿಮಗೆ ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಈಗ ನೀಲಮ್ಮ ಟೀಚರ್ ಮಾತು. ನಮ್ಮ ಊರೊಳಗೇ ಗಾಜಿಪುರದಲ್ಲಿ ಮನೆ, ಊರಾಚೆ ಕಮಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿನಲ್ಲಿ ಬಲವಿರಲಿಲ್ಲ, ಮೊಣಕಾಲಿನ ತನಕ ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಹದಿನೆಂಟು ವರ್ಷ ಬಸ್ಸಿನಲ್ಲಿ ಓಡಾಡಿದ್ದರು. ಬಸ್ಸು ಅವರಿಗೆ ಕಷ್ಟವಾಗುತ್ತಿದ್ದದ್ದು ಮೆಟ್ಟಿಲಿನಿಂದಲ್ಲ. "ಕೇಳದs ಕೈ ಹಿಡದು ಎಳೀತಾರ್ರಿ ಶರಣಪ್ಪನೋರೆ. ಚೀಲ ಎತ್ತಿ ಮ್ಯಾಲ ಇಟ್ಟಂಗ. ಪುಣ್ಯಾ ಬರ್ತದಂತ ಅವರಿಗಿ" ಎಂದು ಒಮ್ಮೆ ಹೇಳಿದ್ದರು. ಎಡಗಾಲಿಗೆ ಕೆಲಸವೇ ಇಲ್ಲದ ಗಾಡಿ ಇದೆ ಎಂದು ಗೊತ್ತಾದ ಕೂಡಲೇ ಹೈದರಾಬಾದಿನಿಂದ ಐದು ವರ್ಷ ಹಳೆಯದಾದ ಬೂದು ಬಣ್ಣದ ಸಣ್ಣ ಆಟೋಮ್ಯಾಟಿಕ್ ಕಾರು ತರಿಸಿದರು. ಆರು ತಿಂಗಳಲ್ಲಿ ಕಲಿತು, ಯಾರ ಕೈಯನ್ನೂ ಹಿಡಿಯದೆ ಕಮಲಾಪುರಕ್ಕೆ ಹೋಗಿ ಬಂದರು.

ಅವರ ಅಣ್ಣ ಚಂದ್ರಶೇಖರಪ್ಪ ಸಾಹುಕಾರರಿಗೆ ಇದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ನಂದೂರಿನಲ್ಲಿ ಅವರದು ದಾಲ್ ಮಿಲ್, ಮಿಲ್ಲಿನ ಲಾರಿಗಳೆಲ್ಲ ನಮ್ಮ ಗ್ಯಾರೇಜಿಗೇ ಬರುತ್ತಿದ್ದವು. ಕೆಟ್ಟವರಲ್ಲ, ತಂಗಿ ಎಂದರೆ ಜೀವ. ಜೀವ ಹೆಚ್ಚಾದದ್ದಕ್ಕೇ ಭಯ. ಗಾಡಿಯನ್ನು ಮೊದಲ ಸಲ ನಮ್ಮಲ್ಲಿಗೆ ತಂದ ದಿನ, ನನ್ನ ಮತ್ತು ಉಸ್ತಾದರ ಮುಂದೆಯೇ ಅಣ್ಣ ತಂಗಿಯ ನಡುವೆ ಕರಾರು ಆಯಿತು.

"ನೀಲಾ, ಒಂದs ಒಂದ ಸಲ ಈ ಗಾಡಿ ನಿನ್ನ ನಡು ರಸ್ತ್ಯಾಗ ನಿಂದರಿಸ್ತು ಅಂದ್ರ, ಕೀಲಿ ನನ್ನ ಕೈಯಾಗ ಇಡಬೇಕು. ಆಮ್ಯಾಲ ನಾ ಕಳಿಸಿದ ಡ್ರೈವರನ ಕೂಡ ಹೋಗು, ಇಲ್ಲಾ ಬಸ್ಸಿಗಿ ಹೋಗು."

"ಆಯ್ತಣ್ಣಾ. ಮಾತಂದ್ರ ಮಾತು" ಎಂದರು ಟೀಚರ್. ನನ್ನ ಕಡೆ ತಿರುಗಿ, "ಕೇಳಿದ್ರಿಲ್ಲೋ? ಇನ್ನ ನನ್ನ ಗಾಡಿ ನಿಮ್ಮ ಕೈಯಾಗ ಅದ" ಎಂದರು. ನಾನು ಎದೆ ಉಬ್ಬಿಸಿ ತಲೆ ಅಲ್ಲಾಡಿಸಿದೆ.

ಮುಂದಿನ ಬೇಸಿಗೆಯ ಹೊತ್ತಿಗೆ ಗೇರ್ ಎಣ್ಣೆ ಕಂದು ಬಣ್ಣಕ್ಕೆ ತಿರುಗಿತ್ತು. ಟೀಚರಿಗೆ ಪ್ರತಿಯೊಂದನ್ನೂ ಕಣ್ಣಾರೆ ನೋಡಬೇಕು. "ನಮ್ಮ ಮನ್ಯಾಗs ಮಾಡ್ರಿ, ನಾ ನೋಡ್ತೀನಿ" ಎಂದರು. ಒಂದು ಭಾನುವಾರ ಬೆಳಿಗ್ಗೆ ಸಾಮಾನು ಕಟ್ಟಿಕೊಂಡು ಗಾಜಿಪುರಕ್ಕೆ ಹೋದೆ. ಹಳೆಯ ಮನೆ, ಮುಂದೆ ಫರಸಿ ಕಲ್ಲು ಹಾಸಿದ ಅಂಗಳ. ಗಾಡಿಯ ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡ್ ಕೊಟ್ಟು ಕೆಳಗೆ ತೂರಿದೆ. ಜಾಕನ್ನು ಮಾತ್ರ ನಂಬಿ ಗಾಡಿಯ ಕೆಳಗೆ ಹೋಗುವವನನ್ನು ನಾನು ಮಿಸ್ತ್ರಿ ಎನ್ನುವುದಿಲ್ಲ, ಹೆಂಡತಿ ಮಕ್ಕಳಿಲ್ಲದವನು ಎನ್ನುತ್ತೇನೆ. ಎಣ್ಣೆ ಇಳಿಸಿ, ಗುರುತು ಹಾಕಿದ ನೀರಿನ ಬಾಟಲಿಗಳಿಗೆ ತುಂಬಿಸಿ ನೋಡಿದೆ. ಮೂರೂವರೆ ಲೀಟರು. ಹೊಸ ವಾಷರ್, ಹೊಸ ಎಣ್ಣೆ ಮೂರೂವರೆ ಲೀಟರು. ಗಾಡಿ ಇಳಿಸಿ, ಓಣಿಯಲ್ಲಿ ಓಡಿಸಿ ಬಿಸಿ ಮಾಡಿ ತಂದು, ಅದೇ ಅಂಗಳದಲ್ಲಿ ನಿಲ್ಲಿಸಿ ಕಡ್ಡಿ ಅದ್ದಿದೆ.

ಕಡ್ಡಿ ಕಡಿಮೆ ತೋರಿಸಿತು. ಅರ್ಧ ಲೀಟರು ಸುರಿದ ಮೇಲೆ ಗುರುತಿಗೆ ಬಂತು.

"ಮೂರೂವರೆ ಬಂದಿತ್ತು, ನಾಕು ಹಾಕಿದ್ರಿ?" ಎಂದರು ಗಣಿತದ ಟೀಚರ್.

"ಹಳೀದು ಕಡಿಮಿ ಇತ್ರಿ ಟೀಚರ್. ಕಡ್ಡಿ ಸುಳ್ಳು ಹೇಳಂಗಿಲ್ಲ" ಎಂದೆ. ಆಮೇಲೆ ಡಬ್ಬಿಯನ್ನು ಬಗ್ಗಿಸಿ ಇನ್ನೊಂದು ದೊಡ್ಡ ಲೋಟದಷ್ಟು ಸುರಿದೆ.

"ಇದೇನ್ರಿ ಮತ್ತ?"

"ಬರಕತ್ತು ರೀ. ನಮ್ಮ ಉಸ್ತಾದರ ಕೈಗುಣ."

ಕೈ ತಾನಾಗಿ ಬಗ್ಗಿತ್ತು, ತಲೆಯನ್ನು ಕೇಳಲೇ ಇಲ್ಲ. ಹೈದರಾಬಾದಿನಲ್ಲಿ ಕಲಿತದ್ದು ತಲೆಯಲ್ಲಿತ್ತು, ಉಸ್ತಾದರ ಹತ್ತಿರ ಕಲಿತದ್ದು ಕೈಯಲ್ಲಿತ್ತು. ಕೆಲಸದ ಹೊತ್ತಿನಲ್ಲಿ ಕೈ ಮುಂದೆ ಹೋಗುತ್ತದೆ. ಇನ್ನು ಕಡ್ಡಿಯ ಸಂಗತಿ. ಅದು ಸುಳ್ಳು ಹೇಳಿರಲಿಲ್ಲ, ನೆಲ ಹೇಳಿತ್ತು. ಮಳೆನೀರು ಬೀದಿಗೆ ಹರಿದು ಹೋಗಲಿ ಎಂದು ನಮ್ಮ ಕಡೆ ಪ್ರತಿ ಅಂಗಳಕ್ಕೂ ಓಟ, ಅಂದರೆ ಸಣ್ಣ ಇಳಿಜಾರು, ಕೊಟ್ಟಿರುತ್ತಾರೆ. ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ. ಗಾಡಿ ವಾಲಿದ್ದರಿಂದ ಎಣ್ಣೆ ಒಂದು ಬದಿಗೆ ಸರಿದಿತ್ತು, ಕಡ್ಡಿ ಮೇಲಾದ ಬದಿಗಿತ್ತು. ಇಷ್ಟನ್ನು ಅವತ್ತು ಯೋಚಿಸದೆ ಕೈ ತೊಳೆದು, ಅವರು ಕೊಟ್ಟ ಮಂಡಕ್ಕಿ ಸುಸಲಾ ತಿಂದು, ಹಾಯಾಗಿ ಮನೆಗೆ ಬಂದೆ.

ಎಂಟು ದಿನದ ಮೇಲೆ ಬೆಳಿಗ್ಗೆ ಫೋನು ಬಂತು. ಕಮಲಾಪುರ ಇನ್ನೂ ಎರಡು ಮೈಲಿ ಇರುವಾಗ ಏರು ರಸ್ತೆಯಲ್ಲಿ ಗಾಡಿ ನಿಂತಿದೆ. ಎಂಜಿನ್ ಹೂಂಕರಿಸುತ್ತದೆ, ಗಾಡಿ ಮುಂದೆ ಹೋಗುತ್ತಿಲ್ಲ. ಟೀಚರ್ ದನಿಯಲ್ಲಿ ಅಳುಕಿರಲಿಲ್ಲ. "ಹತ್ತನೇತ್ತೆ ಪರೀಕ್ಷಾ ಅದ, ನಾ ಟಂಟಂ ಆಟೋ ಹತ್ತಿ ಹೋಗ್ಲಾಕತ್ತೀನಿ. ಕೀಲಿ ಬಾಜೂಕಿನ ಚಹಾದಂಗಡ್ಯಾಗ ಇಟ್ಟೀನಿ" ಎಂದರು. ಮೋಟರ್ ಸೈಕಲ್ ಹಾಕಿಕೊಂಡು ಹೋದೆ. ಬಾನೆಟ್ ಎತ್ತಿ ಕಡ್ಡಿ ಎಳೆದೆ. ತುದಿಗೆ ಎಣ್ಣೆಯ ಬದಲು ಗುಲಾಬಿ ಬಣ್ಣದ ನೊರೆ ಅಂಟಿತ್ತು. ಮಜ್ಜಿಗೆ ಕಡೆದಾಗ ಮೇಲೆ ಬರುತ್ತದಲ್ಲ, ಅಂಥದ್ದು.

ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಎಣ್ಣೆ ಹೆಚ್ಚಾದರೆ ಒಳಗೆ ತಿರುಗುವ ಚಕ್ರಗಳು ಅದರಲ್ಲಿ ಮುಳುಗಿ ಅದನ್ನು ಕಡೆಯುತ್ತವೆ. ನೊರೆಗೆ ಒತ್ತಡ ಬರುವುದಿಲ್ಲ, ಗೇರು ಹಿಡಿಯುವುದಿಲ್ಲ. ಸಪಾಟು ರಸ್ತೆಯಲ್ಲಿ ಹೇಗೋ ನಡೆದಿತ್ತು, ಏಪ್ರಿಲ್ ಬಿಸಿಲಿನ ಏರಿನಲ್ಲಿ ಕೈಕೊಟ್ಟಿತು. ಗಾಡಿ ತಣ್ಣಗಾದ ಮೇಲೆ ಮೆಲ್ಲಗೆ ಶಾಲೆಯ ಆಟದ ಬಯಲಿಗೆ ಒಯ್ದೆ. ಅಲ್ಲಿ ನೆಲ ಸಮ. ಸಣ್ಣ ನಳಿಕೆ ಇಳಿಬಿಟ್ಟು ಪಿಚಕಾರಿಯಿಂದ ಎಣ್ಣೆ ಸೆಳೆದು, ಕಡ್ಡಿ ನೋಡಿ, ಮತ್ತೆ ಸೆಳೆದು ಗುರುತಿಗೆ ತಂದೆ. ಹೊರಬಂದದ್ದು ಮುಕ್ಕಾಲು ಲೀಟರು. ಅದೇ ಏರನ್ನು ನಾಲ್ಕು ಸಲ ಹತ್ತಿ ಇಳಿಸಿದೆ. ಬಾಕ್ಸಿಗೆ ಏನೂ ಆಗಿರಲಿಲ್ಲ, ನೀರು ಕುಡಿದಷ್ಟು ಸುಲಭವಾಗಿ ಹತ್ತಿತು.

ಪರೀಕ್ಷೆ ಮುಗಿಸಿ ಟೀಚರ್ ಹೊರಗೆ ಬಂದರು. "ಏನಾಗಿತ್ರಿ?"

"ಬಿಸಲ್ರಿ ಟೀಚರ್. ಕಾಯ್ದಿತ್ತು" ಎಂದೆ.

ನನ್ನ ವೃತ್ತಿಯಲ್ಲಿ ಎಷ್ಟೋ ಬೋಲ್ಟುಗಳ ಹಲ್ಲು ತಿಂದಿದ್ದೇನೆ, ಎರಡು ಎಂಜಿನ್ ಸುಟ್ಟಿದ್ದೇನೆ. ಅವು ಯಾವುವೂ ಇಷ್ಟು ನಾಚಿಕೆ ತರಿಸುವುದಿಲ್ಲ. ಆ ಸುಳ್ಳು ಇನ್ನೂ ಕಿವಿಯಲ್ಲಿದೆ.

ರಸ್ತೆಯಲ್ಲಿ ನಿಂತ ಗಾಡಿಯನ್ನು ಮಿಲ್ಲಿನ ಲಾರಿ ಡ್ರೈವರನೊಬ್ಬ ನೋಡಿಬಿಟ್ಟಿದ್ದ. ಆದರೆ ಅಣ್ಣ ಕೇಳುವ ತನಕ ಟೀಚರ್ ಕಾಯಲಿಲ್ಲ. ಅವತ್ತೇ ಸಂಜೆ ತಾವೇ ಹೋಗಿ ಕೀಲಿ ಕೊಟ್ಟು ಬಂದಿದ್ದರು. ಮರುದಿನ ಸಾಹುಕಾರರು ಗ್ಯಾರೇಜಿಗೆ ಬಂದರು.

"ಶರಣಪ್ಪ, ಖರೇ ಹೇಳು. ಈ ಆಟೋಮ್ಯಾಟಿಕ್ ಅನ್ನಾವು ಹಿಂಗs ಏನು?"

ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಹಗ್ಗದ ಮಂಚ, ಅಂದರೆ ಬಾಜಿನ ಮೇಲೆ ಕೂತಿದ್ದ ಉಸ್ತಾದರು, "ಹೌ ಸಾಹುಕಾರ್. ಆಟೋಮ್ಯಾಟಿಕ್ ಕಾ ಕ್ಯಾ ಭರೋಸಾ?" ಎಂದರು. ಆಗ ಅವರಿಗೆ ಎಪ್ಪತ್ತೈದು ದಾಟಿತ್ತು, ಕೆಲಸ ಬಿಟ್ಟು ಬರೀ ಕೂತು ನೋಡುತ್ತಿದ್ದರು. ನಾನು ಕೈಯಲ್ಲಿದ್ದ ಪಾನಾ ಒರೆಸುತ್ತ ನಿಂತೆ. ಸಾಹುಕಾರರು ಕೀಲಿಯನ್ನು ಜೇಬಿನಲ್ಲಿ ಕುಲುಕುತ್ತ ಹೋದರು. ಬಾಯಿ ಬಿಟ್ಟರೆ ಮಿಲ್ಲಿನ ಲಾರಿಗಳು ಕೈಬಿಡುತ್ತವೆ, ನನ್ನ ಹೆಸರು ಕೆಡುತ್ತದೆ. ಇವೆರಡನ್ನೂ ಹೇಗೋ ನುಂಗಬಹುದಿತ್ತು. ಐವತ್ತು ವರ್ಷ ಬರಕತ್ತು ಸುರಿದ ಮುದುಕರಿಗೆ, ನಿಮ್ಮ ಬರಕತ್ತೇ ಒಬ್ಬ ಹೆಣ್ಣುಮಗಳನ್ನು ರಸ್ತೆಯಲ್ಲಿ ನಿಲ್ಲಿಸಿತು ಎಂದು ಹೇಳುವುದು ಹೇಗೆ ಎಂಬುದೇ ನನಗೆ ತೋಚಲಿಲ್ಲ.

ಮೂರನೆಯ ದಿನ ಹುಮನಾಬಾದ್ ರಸ್ತೆಯಲ್ಲಿ ಏನೋ ಸಾಮಾನು ತರಲು ಹೋಗಿದ್ದೆ. ಕಮಲಾಪುರದ ಬಸ್ಸು ನಿಂತಿತ್ತು, ಬಾಗಿಲಲ್ಲಿ ಜನ. ಟೀಚರ್ ಸರಳಿಗೆ ಕೈ ಚಾಚಿದ್ದರು. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅವರ ರಟ್ಟೆ ಹಿಡಿದು ಎತ್ತಿದ, ಒಳಗಿನಿಂದ ಇನ್ನೊಬ್ಬ ಎಳೆದುಕೊಂಡ. "ಅವ್ವಾರಿಗಿ ಜಾಗಾ ಬಿಡ್ರೆಪ್ಪ, ಕಾಲಿಲ್ಲ ಪಾಪ" ಎಂದು ಯಾರೋ ಕೂಗಿದರು. ಟೀಚರ್ ಯಾರ ಮುಖವನ್ನೂ ನೋಡಲಿಲ್ಲ. ಬಸ್ಸು ಹೊರಟಿತು. ನನಗೆ ಕಣ್ಣು ತುಂಬಿ ಬಂತು. ಸಾಮಾನು ತರದೆ ತಿರುಗಿ ಗ್ಯಾರೇಜಿಗೆ ಬಂದೆ.

ಮಾತಿನಲ್ಲಿ ಹೇಳಿದ್ದರೆ ಉಸ್ತಾದರು ಒಪ್ಪುತ್ತಿರಲಿಲ್ಲ. ಎರಡು ಹಳೆಯ ಡಬ್ಬಿಗಳ ಬಾಯಿ ಕತ್ತರಿಸಿ, ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು ಕೆಂಪೆಣ್ಣೆ ಹಾಕಿದೆ. ಡ್ರಿಲ್ ಮಷಿನ್ನಿನ ತುದಿಗೆ ಹಲ್ಲಿನ ಚಕ್ರ ಸಿಕ್ಕಿಸಿ ಎರಡರಲ್ಲೂ ಒಂದೇ ಆಳಕ್ಕೆ ಹಿಡಿದು ತಿರುಗಿಸಿದೆ. ಮೊದಲನೆಯದರಲ್ಲಿ ಚಕ್ರ ಎಣ್ಣೆಯ ಮೇಲೆಯೇ ತಿರುಗಿತು, ಎಣ್ಣೆ ಎಣ್ಣೆಯಾಗಿಯೇ ಇತ್ತು. ಎರಡನೆಯದು ನೊರೆಯಾಗಿ ಉಕ್ಕಿ ನನ್ನ ಮೊಣಕೈ ತನಕ ಬಂತು. ಉಸ್ತಾದರು ಬಾಜಿನಿಂದ ಎದ್ದು ಬಂದು, ನೊರೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡಿದರು.

"ಎಷ್ಟು ಹೆಚ್ಚಿಗಿ ಹಾಕಿದ್ದಿ?"

"ಮುಕ್ಕಾಲು ಲೀಟರ್ ರೀ. ಅಂಗಳ ಇಳಿಜಾರಿತ್ತು, ಅದರದು ಅರ್ಧ. ಉಳದದ್ದು..."

"ಉಳದದ್ದು ನನ್ನದು" ಎಂದರು. ಆಮೇಲೆ ಹತ್ತಿನೂಲಿನ ವೇಸ್ಟಿನಿಂದ ಬೆರಳು ಒರೆಸಿಕೊಂಡರು. "ಗಾಡಿ ತೆಗಿ. ಮೈ ಬೀ ಆತುಂ, ನಾನೂ ಬರ್ತೀನಿ."

ಮೋಟರ್ ಸೈಕಲ್ ಹಿಂದೆ ಕೂತು, ನನ್ನ ಹೆಗಲು ಹಿಡಿದುಕೊಂಡು ಮಿಲ್ಲಿಗೆ ಬಂದರು. ದಾರಿಯಲ್ಲಿ ನಾನು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ. ಸಾಹುಕಾರರ ಮುಂದೆ ನಿಂತಾಗ ಉಸ್ತಾದರೇ ಮೊದಲು ಹೇಳಿದರು.

"ಸಾಹುಕಾರ್, ಗಾಡಿದು ಕಸೂರ್ ಇಲ್ಲ. ನಮ್ಮ ಕೈದು ಕಸೂರ್, ನಮ್ಮದs ತಪ್ಪು. ಎಣ್ಣಿ ಹೆಚ್ಚಿಗಿ ಹಾಕೀವಿ, ನೊರಿ ಎದ್ದಾದ. ಮೊನ್ನಿ ನಾ ಹೇಳಿದ್ದು ಗಲತ್."

ನಾನು ಉಳಿದದ್ದನ್ನು ಹೇಳಿದೆ. ಬಿಸಿಲು ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಸಾಹುಕಾರರ ಮುಖ ಕೆಂಪಗಾಯಿತು. ನನ್ನನ್ನು ಚೆನ್ನಾಗಿ ಬೈದರು, ಅದರಲ್ಲಿ ಒಂದು ಮಾತೂ ಹೆಚ್ಚಾಗಿರಲಿಲ್ಲ. ಕಡೆಗೆ ಟೇಬಲ್ಲಿನ ಮೇಲೆ ಕೈ ಬಡಿದು ಹೇಳಿದರು: "ಎಲ್ಲಾ ಖರೆ. ಆದ್ರ ಕರಾರು ಏನಿತ್ತು? ಗಾಡಿ ನಿಂತ್ರ ಅಂತ ಇತ್ತು, ಯಾಕ ನಿಂತು ಅಂತ ಇದ್ದಿಲ್ಲ. ಗಾಡಿ ನಿಂತದ, ಆಕಿ ಕೀಲಿ ಕೊಟ್ಟಾಳ. ಮುಗೀತು."

ಉಸ್ತಾದರು ಕುರ್ಚಿ ಎಳೆದುಕೊಂಡು ಕೂತರು.

"ಸಾಹುಕಾರ್, ನಿಮ್ಮ ಲಾರಿಗೋಳು ಎಷ್ಟ ಸಲ ರಸ್ತ್ಯಾಗ ನಿಂತಾವು? ನನ್ನ ಕೈಲಿಂದs ಹತ್ತ ಸಲ ನಿಂತಿದ್ದಾವು. ಒಂದ ಸಲರೆ ನೀವು ಕೀಲಿ ಯಾರಿಗರೆ ಕೊಟ್ರೇನು? ಮಿಲ್ ಬಂದ್ ಮಾಡಿ ಮನ್ಯಾಗ ಕುಂತ್ರೇನು?"

ಸಾಹುಕಾರರು ಕಿಟಕಿಯಾಚೆ ನಿಂತಿದ್ದ ತಮ್ಮ ಲಾರಿಗಳನ್ನು ನೋಡಿದರು. ಡ್ರಾವರ್ ಎಳೆದು ಕೀಲಿ ತೆಗೆದು ನನ್ನ ಕಡೆ ಚಾಚಿದರು. ನಾನು ಕೈ ಹಿಂದೆ ಕಟ್ಟಿಕೊಂಡೆ. "ನೀವs ಕೊಡ್ರಿ ಸಾಹುಕಾರ್ರೆ. ಟೀಚರ್ ನಿಮಗs ಕೊಟ್ಟಾರ" ಎಂದೆ. ಅವತ್ತು ಸಂಜೆ ಅವರೇ ಗಾಜಿಪುರಕ್ಕೆ ಹೋಗಿ ಕೊಟ್ಟರು. ಮಿಲ್ಲಿನ ಲಾರಿಗಳನ್ನು ಮಾತ್ರ ಆರು ತಿಂಗಳು ಬೇರೆ ಗ್ಯಾರೇಜಿಗೆ ಕಳಿಸಿದರು. ಅದು ನ್ಯಾಯವೇ.

ಮರುದಿನ ಟೀಚರ್ ತಾವೇ ಗಾಡಿ ಓಡಿಸಿಕೊಂಡು ಗ್ಯಾರೇಜಿಗೆ ಬಂದರು. ಇಳಿದು ನನ್ನ ಮುಂದೆ ನಿಂತರು. "ಎಣ್ಣಿ ಹೆಚ್ಚಿಗಿ ಹಾಕಿದ್ರಿ, ಅದು ಇರ್ಲಿ. ಲೆಕ್ಕ ತಪ್ಪತಾದ, ನನ್ನ ಹುಡುಗ್ರೂ ತಪ್ಪತಾರ. ಬಿಸಲು ಅಂದ್ರಲ್ರಿ, ಅದಕ್ಕ ನನಗ ಭಾಳ ಸಿಟ್ಟು ಬಂದದ" ಎಂದರು. ನಾನು ತಲೆ ಎತ್ತಲಿಲ್ಲ. "ಇನ್ನ ಮ್ಯಾಲ ನನ್ನ ಗಾಡಿ ಎಣ್ಣಿ ನಾನs ಬದಲ ಮಾಡ್ತೀನಿ. ನೀವು ಕುರ್ಚಿ ಮ್ಯಾಲ ಕುಂತು ಬರೇ ಹೇಳ್ರಿ. ಕೈ ಹಚ್ಚಬ್ಯಾಡ್ರಿ."

ಉಸ್ತಾದರು ಬಾಜಿನ ಮೇಲಿಂದ ಕೇಳಿದರು: "ಮತ್ತ ಬರಕತ್ತು?"

ಮುದುಕರು ಎದ್ದು ಬಂದು, ಟೀಚರ್ ಗಾಡಿಗೆ ತಂದ ಡಬ್ಬಿಯಲ್ಲಿ ಉಳಿದಿದ್ದ ಎಣ್ಣೆಯನ್ನು ಕುಲುಕಿ ನೋಡಿ, ಮುಚ್ಚಳ ಬಿಗಿ ಮಾಡಿ ಟೀಚರ್ ಕೈಗೆ ಕೊಟ್ಟರು. "ಇದು ಡಿಕ್ಕಿದಾಗ ಇರ್ಲಿ ಬೇಟಿ. ಬರಕತ್ತು ಒಳಗ ನಕ್ಕೋ, ಒಳಗ ಬ್ಯಾಡ, ಡಬ್ಬಿದಾಗ ಇರ್ಲಿ. ಕಡಿಮಿ ಬಿದ್ದ ದಿನ ಹಾಕೋ." ಆ ದಿನದಿಂದ ನಮ್ಮ ಗ್ಯಾರೇಜಿನಲ್ಲಿ ಅಳತೆಗೆ ಮೀರಿ ಒಂದು ಹನಿ ಯಾವ ಗಾಡಿಗೂ ಬಿದ್ದಿಲ್ಲ. ಉಳಿದದ್ದನ್ನು ಡಬ್ಬಿಯ ಸಮೇತ ಗಿರಾಕಿಗೆ ಕೊಡುವ ಪದ್ಧತಿ ಬಂತು. ಹೊಸ ಗಿರಾಕಿಗಳು ಇದೇನು ಎಂದರೆ ಬರಕತ್ತು ಎನ್ನುತ್ತಿದ್ದೆವು. ಉಸ್ತಾದರು ತೀರಿಕೊಂಡು ಈಗ ಒಂಬತ್ತು ವರ್ಷ.

ಹೊಸ ಗಾಡಿಗಳಿಗೆ ಅಳತೆ ಕಡ್ಡಿಯೇ ಇಲ್ಲ. ಎಣ್ಣೆಯ ಬಿಸಿಯನ್ನು ಮಷಿನ್ನಿನಲ್ಲಿ ನೋಡಿ, ಬದಿಯ ಬೋಲ್ಟು ಬಿಚ್ಚಿ, ಹೆಚ್ಚಾದದ್ದು ತಾನಾಗಿ ಸೋರುವ ತನಕ ಕಾಯಬೇಕು. ಒಳ್ಳೆಯ ಪದ್ಧತಿ, ಕಲಿಯಿರಿ. ಕೆಲವರು ಈ ಎಣ್ಣೆ ಗಾಡಿಯ ಜೀವಮಾನದ ತನಕ ಬಾಳುತ್ತದೆ, ಬದಲಿಸುವುದೇ ಬೇಡ ಎನ್ನುತ್ತಾರೆ. ಎಣ್ಣೆ ಹಾಳಾದ ದಿನವೇ ಗಾಡಿಯ ಜೀವಮಾನ ಮುಗಿಯುತ್ತದೆ, ಆ ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ಮಷಿನ್ನು ಎಷ್ಟೇ ದುಬಾರಿಯದಾದರೂ ನೆಲದ ಓಟವನ್ನು ನಿಮಗೆ ಹೇಳುವುದಿಲ್ಲ. ಅದನ್ನು ನೀವೇ ನೋಡಬೇಕು.

ನೀಲಮ್ಮ ಟೀಚರ್ ನಿವೃತ್ತಿಯಾಗುವ ಮೊದಲೇ ಕಮಲಾಪುರದಲ್ಲಿ ಸಣ್ಣದೊಂದು ಮನೆ ಕಟ್ಟಿಸಿದರು. ಅಂಗಳಕ್ಕೆ ಫರಸಿ ಹಾಕುವ ದಿನ ನನ್ನನ್ನು ಕರೆಸಿದರು. ಗಾರೆ ಕೆಲಸದ ಗೌಂಡಿ ತಲೆ ಚಚ್ಚಿಕೊಳ್ಳುತ್ತಿದ್ದ. "ಓಟ ಇಲ್ಲದ ಅಂಗಳ ಯಾರು ಮಾಡ್ತಾರ್ರಿ? ನೀರು ಎಲ್ಲಿಗಿ ಹೋಗಬೇಕು?" ಎನ್ನುತ್ತಿದ್ದ. ಕೊನೆಗೆ ಒಂದು ಗಾಡಿ ನಿಲ್ಲುವಷ್ಟು ಜಾಗವನ್ನು ನೀರುಮಟ್ಟ ಹಿಡಿದು ಸಪಾಟು ಮಾಡಿ, ಉಳಿದದ್ದಕ್ಕೆ ಓಟ ಕೊಟ್ಟರು. ಮಳೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಟೀಚರ್ ಕಸಬರಿಗೆ ಹಿಡಿದು ಗುಡಿಸುತ್ತಾರೆ, ಬೇಜಾರಿಲ್ಲ.

ಹೋದ ತಿಂಗಳು ಅಲ್ಲಿಗೆ ಹೋಗಿದ್ದೆ. ಅದೇ ಬೂದು ಗಾಡಿ, ಎಣ್ಣೆ ಬದಲಿಸುವ ದಿನ. ನನಗೆ ಕುರ್ಚಿ, ಒಂದು ತಟ್ಟೆ ಕೆಂಪು ಬಾಳೆಹಣ್ಣು, ಕೈ ಹಚ್ಚದಿರುವ ಶಿಕ್ಷೆ. ಟೀಚರ್ ಕಾಲಿನ ಪಟ್ಟಿ ಬಿಚ್ಚಿಟ್ಟು ಚಾಪೆಯ ಮೇಲೆ ಮಲಗಿ ಗಾಡಿಯ ಕೆಳಗೆ ಸರಿದು ಬೋಲ್ಟು ಬಿಚ್ಚಿದರು. ಬಂದದ್ದು ಮೂರೂವರೆ, ಹಾಕಿದ್ದು ಮೂರೂವರೆ. ಕಡ್ಡಿಯೂ ಅದನ್ನೇ ಹೇಳಿತು. ಸಾಹುಕಾರರು ಅವತ್ತು ಅಲ್ಲೇ ಇದ್ದರು. ಅವರಿಗೆ ಎಡ ಮೊಣಕಾಲಿನ ಆಪರೇಶನ್ ಆಗಿದೆ, ಇನ್ನು ಕ್ಲಚ್ ಒತ್ತಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಡ್ರೈವರನ ಪಕ್ಕದಲ್ಲಿ ಕೂತು ಓಡಾಡಿ ಬೇಸತ್ತು ಹೋಗಿದ್ದರು. ಬೆಳಗಿನಿಂದ ಗಾಡಿಯ ಸುತ್ತ ಸುಳಿದಾಡುತ್ತಿದ್ದವರು ಕೊನೆಗೆ ಬಾಯಿ ಬಿಟ್ಟರು.

"ನೀಲಾ, ಇದು ನಡಸಾದು ನನಗೂ ಕಲಸ್ತಿ ಏನ?"

ಟೀಚರ್ ಉಳಿದ ಎಣ್ಣೆಯ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟರು. ಪಟ್ಟಿ ಕಟ್ಟಿಕೊಂಡು, ಕೈ ಒರೆಸಿಕೊಂಡು, ಕೀಲಿಯನ್ನು ಅಣ್ಣನ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಕಲಸ್ತೀನಣ್ಣಾ. ಆದ್ರ ಒಂದs ಒಂದ ಸಲ ನಡು ರಸ್ತ್ಯಾಗ ನಿಂತು ಅಂದ್ರ, ಕೀಲಿ ನನ್ನ ಕೈಯಾಗ."

ಸಾಹುಕಾರರು ನನ್ನ ಕಡೆ ನೋಡಿದರು, ನಾನು ಬಾಳೆಹಣ್ಣು ಸುಲಿಯುವುದರಲ್ಲಿ ಮುಳುಗಿದ್ದೆ. ಅಣ್ಣ ಸ್ಟೇರಿಂಗ್ ಹಿಡಿದರು, ತಂಗಿ ಪಕ್ಕದಲ್ಲಿ ಕೂತರು. ಗಾಡಿ ಗೇಟು ದಾಟಿ, ನನ್ನ ಬರಕತ್ತು ಒಮ್ಮೆ ನಿಲ್ಲಿಸಿದ್ದ ಆ ಏರಿನ ಕಡೆಗೆ ತಿರುಗಿತು. ನಾನು ಹಣ್ಣು ಕೆಳಗಿಟ್ಟು ಗೇಟಿನ ತನಕ ಹೋಗಿ ಕಿವಿಗೊಟ್ಟು ನಿಂತೆ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಗೇರು ಎಷ್ಟು ನುಣುಪಾಗಿ ಬದಲಾಯಿತೆಂದರೆ, ನನಗೆ ಕೇಳಿಸಲೇ ಇಲ್ಲ.